ಸ್ಪ್ಯಾನಿಷ್‌ಗೆ ಕನ್ನಡದ ದಾರಿಯೇ ಹತ್ತಿರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿರುವ ಒಂದು ಗುಂಪಿನ ಮುಂದೆ ಈಚೆಗೆ ಮಾತಾಡಿದ್ದೆ. ಅದನ್ನೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಮಾತಾಡುವಾಗ ಎಲ್ಲೆಲ್ಲೋ ಹೋಗಿ ಬಂದಿದ್ದನ್ನು ಸ್ವಲ್ಪ ಜೋಡಿಸಿದ್ದೇನೆ, ಪೂರ್ತಿ ನೀಟಾಗಿ ಮಾಡಲು ಹೋಗಿಲ್ಲ.

ನಿಮ್ಮಲ್ಲಿ ಹೆಚ್ಚಿನವರು ಕೆಲಸಕ್ಕಾಗಿ ಕಲಿಯುತ್ತಿದ್ದೀರಿ. ಮೆಕ್ಸಿಕೊ, ಕೊಲಂಬಿಯಾ ಕಡೆಯ ಗ್ರಾಹಕರ ಜೊತೆ ಮಾತಾಡಬೇಕು, ಸಂಬಳ ಜಾಸ್ತಿ ಸಿಗುತ್ತದೆ, ಅದಕ್ಕೆ ಸ್ಪೇನ್ ನಡೆಸುವ ಡೆಲೆ ಅನ್ನುವ ಭಾಷಾ ಪರೀಕ್ಷೆಯ ಬಿ1ಓ ಬಿ2ಓ ಮಟ್ಟ ಬೇಕು. ತಪ್ಪೇನಿಲ್ಲ. ಆದರೆ ಪುಸ್ತಕ ಇಂಗ್ಲಿಷಿನಲ್ಲಿದೆ, ಮೇಷ್ಟ್ರು ಇಂಗ್ಲಿಷಿನಲ್ಲಿ ವಿವರಿಸುತ್ತಾರೆ, ಫೋನಿನಲ್ಲಿರುವ ಆ್ಯಪ್ ಕೂಡ ಇಂಗ್ಲಿಷಿನಲ್ಲೇ ಪ್ರಶ್ನೆ ಕೇಳುತ್ತದೆ. ಹಾಗಾಗಿ ಇಂಗ್ಲಿಷಿನವರಿಗೆ ಸ್ಪ್ಯಾನಿಷ್‌ನಲ್ಲಿ ಏನೇನು ಕಷ್ಟವೋ ಅದೆಲ್ಲ ನಮಗೂ ಕಷ್ಟ ಅಂತ ನಾವು ಸುಮ್ನೆ ಒಪ್ಪಿಕೊಂಡು ಕೂತಿದ್ದೇವೆ. ನನ್ನ ತಕರಾರು ಇರುವುದು ಅಲ್ಲೇ. ಕನ್ನಡದಿಂದ ನೇರವಾಗಿ ಹೋದರೆ ಅರ್ಧ ಕಷ್ಟ ಮಾಯವಾಗುತ್ತದೆ. ಇದು ನನಗೆ ತರಗತಿಯಲ್ಲಿ ಹೊಳೆದಿದ್ದಲ್ಲ, ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಒಂದು ಅಡುಗೆಮನೆಯಲ್ಲಿ ಹೊಳೆದಿದ್ದು.

ಗ್ವಾಟೆಮಾಲಾ ಯಾಕೆ, ಸ್ಪೇನ್ ಯಾಕಲ್ಲ ಅಂತ ಎಲ್ಲರೂ ಕೇಳುತ್ತಾರೆ. ಖರ್ಚು ಕಡಿಮೆ, ಅದು ಮೊದಲನೇ ಕಾರಣ. ಎರಡನೆಯದು, ಅಲ್ಲಿ ಪಾಠ ನಡೆಯುವ ರೀತಿ. ಆಂತಿಗ್ವಾ, ಅತಿತ್ಲಾನ್ ಸರೋವರದ ದಡದ ಊರುಗಳು, ಕೆತ್ಸಾಲ್ತೆನಾಂಗೊ, ಇಲ್ಲೆಲ್ಲ ಸ್ಪ್ಯಾನಿಷ್ ಶಾಲೆಗಳು ತುಂಬಾ ಇವೆ. ಒಬ್ಬ ವಿದ್ಯಾರ್ಥಿಗೆ ಒಬ್ಬರು ಮೇಷ್ಟ್ರು. ಒಂದು ಪುಟ್ಟ ಮೇಜು, ಎರಡು ಕುರ್ಚಿ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಾಲ್ಕೈದು ಗಂಟೆ ಎದುರುಬದುರು ಕೂರಬೇಕು. ಹಿಂದಿನ ಬೆಂಚಿನಲ್ಲಿ ಅಡಗಿ ಕೂರುವ ಸೌಕರ್ಯ ಇಲ್ಲ. ಉಳಿಯುವುದು ಊರಿನ ಯಾರದೋ ಮನೆಯಲ್ಲಿ, ಊಟವೂ ಅವರ ಜೊತೆ.

ನಾನು ಹೋಗಿದ್ದು ಕೆತ್ಸಾಲ್ತೆನಾಂಗೊಗೆ. ಅಲ್ಲಿನವರು ಯಾರೂ ಹಾಗೆ ಅನ್ನುವುದಿಲ್ಲ, ಶೇಲಾ ಅನ್ನುತ್ತಾರೆ. ಅದು ಊರಿಗೆ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರ ಭಾಷೆಯಲ್ಲಿದ್ದ ಹಳೆಯ ಹೆಸರಿನ ತುಂಡು. ಸಮುದ್ರಮಟ್ಟದಿಂದ ಸುಮಾರು 2,330 ಮೀಟರ್ ಎತ್ತರ, ಅಂದರೆ ನಮ್ಮ ಊಟಿಗಿಂತ ಸ್ವಲ್ಪ ಮೇಲೆ. ಡಿಸೆಂಬರ್, ಜನವರಿಯಲ್ಲಿ ರಾತ್ರಿ ನಡುಗಿಸಿಬಿಡುತ್ತದೆ, ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಸ್ವೆಟರ್ ತಗೊಂಡು ಹೋಗಿ. ಊರಿನ ದಕ್ಷಿಣಕ್ಕೆ ಸಾಂತಾ ಮರೀಯಾ ಜ್ವಾಲಾಮುಖಿ ಇದೆ. 1902ರಲ್ಲಿ ಭಾರೀ ಸ್ಫೋಟವಾಗಿದ್ದು ಅದೇ. ಅದರ ಮಗ್ಗುಲಲ್ಲಿ 1922ರಿಂದ ಬೆಳೆಯುತ್ತಿರುವ ಸಾಂತಿಯಾಗೀತೊ ಈಗಲೂ ಬೂದಿ ಉಗುಳುತ್ತಿರುತ್ತದೆ, ಊರಿನವರು ಅದರ ಕಡೆ ತಲೆ ಎತ್ತಿಯೂ ನೋಡುವುದಿಲ್ಲ.

ಇನ್ನು ಮನೆ. ಗ್ವಾಟೆಮಾಲಾದ ಮನೆಯಲ್ಲಿ ಮೊದಲು ಕಲಿಯಬೇಕಾದ ವಸ್ತು ಪೀಲಾ. ಸಿಮೆಂಟಿನ ದೊಡ್ಡ ತೊಟ್ಟಿ, ಸಾಮಾನ್ಯವಾಗಿ ಮನೆಯ ಒಳಅಂಗಳದಲ್ಲಿ ಇರುತ್ತದೆ. ಮಧ್ಯದಲ್ಲಿ ಆಳವಾದ ಭಾಗ, ಅದರಲ್ಲಿ ನೀರು ತುಂಬಿಟ್ಟಿರುತ್ತಾರೆ. ಎರಡೂ ಪಕ್ಕಕ್ಕೆ ಆಳವಿಲ್ಲದ ಎರಡು ಭಾಗ. ಒಂದರ ತಳದಲ್ಲಿ ಗೀರು ಗೀರು, ಅಲ್ಲಿ ಬಟ್ಟೆ ಉಜ್ಜುತ್ತಾರೆ. ಇನ್ನೊಂದರಲ್ಲಿ ಪಾತ್ರೆ. ಮಧ್ಯದ ನೀರಿಗೆ ಕೈ ಅದ್ದುವಂತಿಲ್ಲ, ತಟ್ಟೆ ಅದ್ದುವಂತಿಲ್ಲ, ಪ್ಲಾಸ್ಟಿಕ್ ಬೋಗುಣಿಯಲ್ಲಿ ಮೊಗೆದು ಪಕ್ಕದಲ್ಲಿ ಸುರಿದುಕೊಳ್ಳಬೇಕು. ನನ್ನ ಜೊತೆ ಇದ್ದ ಬೇರೆ ದೇಶದ ಹುಡುಗರಿಗೆ ಇದನ್ನು ಎರಡೆರಡು ಸಲ ಹೇಳಿಕೊಡಬೇಕಾಯಿತು. ನಮಗೆ ಹೇಳಿಕೊಡಬೇಕಾ? ಹಂಡೆ ನೀರಿಗೆ ಎಂಜಲು ಕೈ ಹಾಕಬಾರದು ಅಂತ ಬೈಸಿಕೊಂಡು ಬೆಳೆದವರು ನಾವು.

ಮನೆಯಾಕೆ ಪೀಲಾ ಪಕ್ಕ ನಿಂತು ಬಟ್ಟೆ ಒಗೆಯುತ್ತಾ ನನ್ನ ಮನೆಪಾಠ ಕೇಳುತ್ತಿದ್ದರು. ಆವತ್ತಿನ ಪಾಠ ಸ್ಪ್ಯಾನಿಷ್‌ನ 'ಸೆ' ಸೇರುವ ಕ್ರಿಯಾಪದಗಳು. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಟ್ಟು ಹೆದರಿಸುತ್ತವೆ. ಆಕೆ ಅಂಗಿ ತೋರಿಸಿ 'ಲಾಬೊ ಲಾ ರೋಪಾ' ಅಂದರು, ಬಟ್ಟೆ ಒಗೆಯುತ್ತೇನೆ. ಆಮೇಲೆ ಕೈ ತೋರಿಸಿ 'ಮೆ ಲಾಬೊ ಲಾಸ್ ಮಾನೊಸ್' ಅಂದರು. ಕೈ ತೊಳೆದುಕೊಳ್ಳುತ್ತೇನೆ. ಅಷ್ಟೇ! ನಮ್ಮ 'ಕೊಳ್ಳು' ಮಾಡುವ ಕೆಲಸವನ್ನು ಅಲ್ಲಿ 'ಮೆ', 'ತೆ', 'ಸೆ' ಮಾಡುತ್ತವೆ. ಮಗುವಿಗೆ ತಲೆ ಬಾಚುವುದು ಬೇರೆ, ತಾನು ಬಾಚಿಕೊಳ್ಳುವುದು ಬೇರೆ. ಈ ವ್ಯತ್ಯಾಸ ನಮ್ಮ ನಾಲಿಗೆ ಮೇಲೆ ಆಗಲೇ ಇದೆ. ಎಲ್ಲ ಕಡೆಗೂ ಕೂರುವುದಿಲ್ಲ, ಆದರೆ ಶುರು ಮಾಡಲು ಇದಕ್ಕಿಂತ ಒಳ್ಳೆಯ ಮೆಟ್ಟಿಲು ಬೇಕಾ?

ಆಮೇಲೆ ನಾನು ಇಂಥವನ್ನೇ ಹುಡುಕಲು ಶುರು ಮಾಡಿದೆ. ಸಿಕ್ಕಿದವು ಒಂದೆರಡಲ್ಲ. 'ಮೆ ಗುಸ್ತಾ ಎಲ್ ಕಾಫೆ' ಅಂದರೆ ನನಗೆ ಕಾಫಿ ಇಷ್ಟ. ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ಇದು ಉಲ್ಟಾ ಕಾಣುತ್ತದೆ, ಅವರಲ್ಲಿ ಇಷ್ಟಪಡುವವರು ಮೊದಲು ಬಂದು ಕರ್ತೃವಾಗಿ ಕೂರಬೇಕು. ನಮಗೆ 'ನನಗೆ' ಅನ್ನುವುದು ಸಹಜ. ನನಗೆ ತಲೆ ನೋಯುತ್ತದೆ, 'ಮೆ ದ್ವೆಲೆ ಲಾ ಕಬೇಸಾ'. ಹಾಗೇ ಕೈಯಲ್ಲಿದ್ದ ಲೋಟ ಒಡೆದಾಗ ನಾವು 'ಒಡೆದುಹೋಯ್ತು' ಅನ್ನುತ್ತೇವೆ, 'ನಾನು ಒಡೆದೆ' ಅನ್ನುವುದಿಲ್ಲ. ಶೇಲಾದ ಅಡುಗೆಮನೆಯಲ್ಲೂ 'ಸೆ ಮೆ ಕೆಬ್ರೊ' ಅನ್ನುತ್ತಾರೆ, ತಾನಾಗಿ ಒಡೆಯಿತು, ನಷ್ಟ ಮಾತ್ರ ನನಗೆ. ಬೀಗದಕೈ ಮರೆತರೂ ಅದೇ ಕಥೆ, 'ಸೆ ಮೆ ಒಲ್ಬಿದೊ'. ತಪ್ಪು ಯಾರ ತಲೆ ಮೇಲೂ ಬೀಳದ ಹಾಗೆ ಮಾತಾಡುವುದರಲ್ಲಿ ಎರಡೂ ಕಡೆಯವರು ಪಳಗಿದ್ದೇವೆ.

ಇನ್ನು 'ಸೆರ್' ಮತ್ತು 'ಎಸ್ತಾರ್'. ಇದನ್ನು ಕೇಳಿದರೆ ಎಲ್ಲರೂ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ, ಇಂಗ್ಲಿಷಿನ 'ಬಿ' (ಆ್ಯಮ್, ಈಸ್, ಆರ್) ಅನ್ನುವ ಒಂದು ಕ್ರಿಯಾಪದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಯಾಕೆ ಅಂತ. ಇಂಗ್ಲಿಷ್ ಬಿಡಿ. ನಾನು ಹಾಸನದವನು, ಅವಳು ಡಾಕ್ಟರ್, ಈಗ ಮೂರು ಗಂಟೆ. ಈ ವಾಕ್ಯಗಳಲ್ಲಿ ಕ್ರಿಯಾಪದವೇ ಇಲ್ಲ ಅಲ್ವಾ? ಅಲ್ಲೆಲ್ಲ 'ಸೆರ್' ಹಾಕಿ. ಅವಳು ಮನೆಯಲ್ಲಿ ಇದ್ದಾಳೆ, ಕಾಫಿ ಬಿಸಿ ಇದೆ, ನಾನು ಚೆನ್ನಾಗಿದ್ದೇನೆ. ಇಲ್ಲಿ 'ಇರು' ಇದೆ. ಅಲ್ಲೆಲ್ಲ 'ಎಸ್ತಾರ್'. ಇದು ಪೂರ್ತಿ ಪಕ್ಕಾ ಲೆಕ್ಕ ಅಲ್ಲ. 'ಅವನು ಎತ್ತರ ಇದ್ದಾನೆ', 'ಸೀರೆ ಕೆಂಪಗಿದೆ' ಅನ್ನುವಲ್ಲಿ ನಮಗೆ 'ಇರು' ಬರುತ್ತದೆ, ಅವರು 'ಸೆರ್' ಬಳಸುತ್ತಾರೆ. ರೂಪ, ಬಣ್ಣ, ಸ್ವಭಾವದ ವಿಷಯಕ್ಕೆ ಬಂದಾಗ ಹುಷಾರಾಗಿರಿ. ಉಳಿದ ಕಡೆ ಕನ್ನಡ ನಿಮ್ಮ ಕೈ ಬಿಡುವುದು ಕಡಿಮೆ.

ಉಚ್ಚಾರಣೆಯಲ್ಲೂ ನಾವು ಪುಣ್ಯವಂತರು. ತ, ದ ಎರಡೂ ನಮ್ಮವೇ, ಹಲ್ಲಿಗೆ ತಾಗುವಂಥವು. ಐದು ಸ್ವರಗಳೂ ಚೊಕ್ಕವಾಗಿ ನಮ್ಮಲ್ಲಿವೆ, ಅದರಲ್ಲೂ ಹ್ರಸ್ವ ಎ, ಹ್ರಸ್ವ ಒ. ಒಂದೇ ಒಂದು ಅಭ್ಯಾಸ ಬಿಡಬೇಕು. 'ಎಲ್ಲಿ' ಅನ್ನುವುದನ್ನು ನಾವು 'ಯೆಲ್ಲಿ' ಅನ್ನುತ್ತೇವಲ್ಲ, 'ಒಂದು' ಅನ್ನುವುದನ್ನು 'ವೊಂದು' ಅನ್ನುತ್ತೇವಲ್ಲ, ಅದು. ಇಲ್ಲದಿದ್ದರೆ 'ಓಲಾ' ಹೋಗಿ 'ವೋಲಾ' ಆಗುತ್ತದೆ. ನಾಮಪದಗಳ ಲಿಂಗದ ವಿಷಯದಲ್ಲಿ ಮಾತ್ರ ಕನ್ನಡದಿಂದ ಏನೂ ಉಪಯೋಗವಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಅಂತ ಬಾಯಿಪಾಠ ಮಾಡಬೇಕು. ಹಿಂದಿ, ಉರ್ದು, ಮರಾಠಿ ಬರುವವರಿಗೆ ಈ ಕಾಟ ಅಷ್ಟಾಗಿ ಇರುವುದಿಲ್ಲ, ಹುಬ್ಬಳ್ಳಿ, ಬೆಳಗಾವಿ ಕಡೆಯವರು ಇಲ್ಲಿ ನಮ್ಮನ್ನು ನೋಡಿ ನಗಬಹುದು.

ವ್ಯಾಕರಣ ಸಾಕು. ಊಟದ ಮೇಜಿಗೆ ಬರೋಣ.

ದಿನಕ್ಕೆ ಮೂರು ಹೊತ್ತೂ ತೋರ್ತಿಯಾ, ಅಂದರೆ ಜೋಳದ ರೊಟ್ಟಿ. ಜೋಳ ಅಂದರೆ ಅಲ್ಲಿ ಮೆಕ್ಕೆಜೋಳ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿಸಲು ಹೆಂಗಸರು ಬೆಳಿಗ್ಗೆಯೇ ಗಿರಣಿಗೆ ಒಯ್ಯುತ್ತಾರೆ. ಸುಣ್ಣ ಹಾಕುವುದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟಿಕೊಳ್ಳುತ್ತದೆ, ಇಲ್ಲದಿದ್ದರೆ ಮೈಗೆ ಹತ್ತದ ಒಂದು ಬಿ ಜೀವಸತ್ವ ಹತ್ತುತ್ತದೆ. ಹಿಟ್ಟನ್ನು ಎರಡೂ ಅಂಗೈ ನಡುವೆ ತಟ್ಟುವ ಸದ್ದು ನಮ್ಮ ರೊಟ್ಟಿ ಬಡಿಯುವ ಸದ್ದಿನ ಹಾಗೇ ಬೀದಿಗೆ ಕೇಳಿಸುತ್ತದೆ. ಜೊತೆಗೆ ಕಪ್ಪು ಹುರುಳಿಕಾಯಿ ಬೀಜದ ಪಲ್ಯ, ಇಲ್ಲವೇ ಅದನ್ನೇ ಅರೆದು ಹುರಿದದ್ದು. ಮಧ್ಯಾಹ್ನದ್ದೇ ದೊಡ್ಡ ಊಟ. ರಾತ್ರಿ ಸ್ವಲ್ಪವೇ, ಸಿಹಿ ಬನ್ನನ್ನು ತೆಳುವಾದ ಸಕ್ಕರೆ ಕಾಫಿಯಲ್ಲಿ ಅದ್ದಿ ತಿಂದು ಮುಗಿಸುವುದೂ ಉಂಟು. ಜಗತ್ತಿಗೆಲ್ಲ ಒಳ್ಳೆಯ ಕಾಫಿ ಕಳಿಸುವ ದೇಶದಲ್ಲಿ ಮನೆಯ ಕಾಫಿ ಅಷ್ಟು ತೆಳು ಯಾಕೆ ಅಂತ ಚಿಕ್ಕಮಗಳೂರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಳ್ಳೆಯದು ಹಡಗು ಹತ್ತುತ್ತದೆ. ಶನಿವಾರ ಸಂಜೆ ಕೆಲವು ಮನೆಗಳ ಬಾಗಿಲಲ್ಲಿ ಕೆಂಪು ಬಲ್ಬ್ ಉರಿಯುತ್ತಿರುತ್ತದೆ. ತಪ್ಪು ತಿಳಿಯಬೇಡಿ, ಆ ಮನೆಯಲ್ಲಿ ತಮಾಲೆ, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬಿನ ಥರದ್ದು, ಮಾರಾಟಕ್ಕಿದೆ ಅಂತ ಅರ್ಥ.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಕೇಳಿ. 'ಸಿನ್ ಕಾರ್ನೆ', ಮಾಂಸ ಇಲ್ಲದ್ದು, ಅಂತ ಹೇಳಿದರೆ ಸಾಲದು. ಕಾರ್ನೆ ಅಂದರೆ ಅವರ ತಲೆಗೆ ಬರುವುದು ದನದ ಮಾಂಸ. ಕೋಳಿ ಬೇರೆ, ಮೀನು ಬೇರೆ, ಹ್ಯಾಮ್ ಬೇರೆ. ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಬೇಡ ಅನ್ನಬೇಕು. ಆಮೇಲೆ ಬೀಜದ ಪಲ್ಯಕ್ಕೆ ಹಂದಿ ಕೊಬ್ಬು, ಅಂದರೆ ಮಾಂತೇಕಾ, ಹಾಕಿದ್ದೀರಾ ಅಂತ ಕೇಳಬೇಕು, ಅನ್ನಕ್ಕೆ ಕೋಳಿ ಸಾರಿನ ಪುಡಿ ಹಾಕಿದ್ದೀರಾ ಅಂತಲೂ ಕೇಳಬೇಕು. ಮೊದಲ ದಿನವೇ ನಗುನಗುತ್ತಾ ಹೇಳಿಬಿಟ್ಟರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತರಕಾರಿಗೆ ಬರವಿಲ್ಲ. ಸೀಮೆಬದನೆಕಾಯಿ ಮೂಲತಃ ಆ ಕಡೆಯದೇ, ಅಲ್ಲಿ ಅದಕ್ಕೆ ಗ್ವಿಸ್ಕಿಲ್ ಅನ್ನುತ್ತಾರೆ, ಕಾಯಿ ಮಾತ್ರವಲ್ಲ, ಬಳ್ಳಿಯ ಗೆಡ್ಡೆಯನ್ನೂ ಬೇಯಿಸಿ ತಿನ್ನುತ್ತಾರೆ.

ಊಟ ಮುಗಿಸಿ ಏಳುವಾಗ ಒಂದು ಪದ್ಧತಿ ಇದೆ, ನನಗೆ ತುಂಬಾ ಹಿಡಿಸಿದ್ದು. ಏಳುವವರು ಮೇಜಿನ ಸುತ್ತ ಕೂತ ಎಲ್ಲರಿಗೂ 'ಮುಚಾಸ್ ಗ್ರಾಸಿಯಾಸ್' ಅನ್ನುತ್ತಾರೆ. ಅಡುಗೆ ಮಾಡಿದವರಿಗೆ ಮಾತ್ರ ಅಲ್ಲ, ಎಲ್ಲರಿಗೂ. ಅಡುಗೆ ಮಾಡಿದ ಅಮ್ಮನೂ ಏಳುವಾಗ ಹೇಳುತ್ತಾರೆ, ಐದು ವರ್ಷದ ಮಗುವೂ ಹೇಳುತ್ತದೆ. ಉಳಿದವರು 'ಬ್ವೆನ್ ಪ್ರೊಬೆಚೊ' ಅನ್ನುತ್ತಾರೆ, ತಿಂದಿದ್ದು ಮೈಗೆ ಹತ್ತಲಿ ಅನ್ನುವ ಧಾಟಿ. ಸಣ್ಣ ಹೋಟೆಲಿನಲ್ಲಿ ಪರಿಚಯವೇ ಇಲ್ಲದವರ ಮೇಜಿನ ಪಕ್ಕ ಹಾದು ಹೋದರೂ ಹೀಗೆ ಹೇಳುತ್ತಾರೆ. ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಏನೋ ದೂರದವರ ಥರ ಅನಿಸುತ್ತದೆ. ಹಾಗಂತ ಅಲ್ಲಿ ಸುಮ್ನೆ ಎದ್ದು ತಟ್ಟೆ ತಗೊಂಡು ಹೋದರೆ ಒರಟ ಅನ್ನಿಸಿಕೊಳ್ಳುತ್ತೀರಿ. ಅಂಗಡಿಗೆ, ಕ್ಲಿನಿಕ್ಕಿಗೆ ಹೊಕ್ಕಾಗಲೂ ಅಲ್ಲಿರುವವರಿಗೆಲ್ಲ 'ಬ್ವೆನೊಸ್ ದೀಯಾಸ್' ಹೇಳಿಯೇ ಮಾತು ಶುರು ಮಾಡಬೇಕು. ನೇರವಾಗಿ 'ಇದೆಷ್ಟು?' ಅನ್ನಬೇಡಿ.

ಮರ್ಯಾದೆಯ ವಿಷಯ. ನಿಮ್ಮ ಪುಸ್ತಕ 'ತೂ' ಅಂದರೆ ನೀನು, 'ಉಸ್ತೆದ್' ಅಂದರೆ ನೀವು ಅನ್ನುತ್ತದೆ, ಅಷ್ಟಕ್ಕೆ ಬಿಡುತ್ತದೆ. ಗ್ವಾಟೆಮಾಲಾದಲ್ಲಿ ಮೂರಿವೆ. ಉಸ್ತೆದ್ ಎಲ್ಲ ಕಡೆ ನಡೆಯುತ್ತದೆ, ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಮಕ್ಕಳಿಗೂ ಉಸ್ತೆದ್ ಅನ್ನುತ್ತಾರೆ, ನಮ್ಮಲ್ಲಿ ಕೆಲವು ಮನೆಗಳಲ್ಲಿ ಮಕ್ಕಳಿಗೂ 'ಬನ್ನಿ, ಹೋಗಿ' ಅನ್ನುವ ಹಾಗೆ. ಹತ್ತಿರದ ಗೆಳೆಯರ ನಡುವೆ 'ಬೋಸ್', ಅದು ನಮ್ಮ 'ಲೋ'ಗೆ ಹತ್ತಿರ. 'ತೂ' ಮಧ್ಯದಲ್ಲಿ ಎಲ್ಲೋ ಇದೆ, ಗಂಡಸರು ತಮ್ಮತಮ್ಮಲ್ಲಿ ಅದನ್ನು ಬಳಸಿದರೆ ಕೇಳುವವರಿಗೆ ಸ್ವಲ್ಪ ವಿಚಿತ್ರ ಅನಿಸುತ್ತದೆ. ನಿಮಗೆ ಸಂದೇಹ ಬಂದಾಗ ಉಸ್ತೆದ್ ಅನ್ನಿ. ಹಿರಿಯರ ಹೆಸರಿಗೆ ಮೊದಲು 'ದೋನ್' (ಗಂಡಸರಿಗೆ), 'ದೋನ್ಯಾ' (ಹೆಂಗಸರಿಗೆ) ಸೇರಿಸಿ. ಟೀಚರಮ್ಮನನ್ನೂ ಸಂತೆಯಲ್ಲಿ ಮಾರುವಾಕೆಯನ್ನೂ 'ಸೇನ್ಯೊ' ಅಂತ ಕರೆಯಬಹುದು. ನಾವು ಗುರುತಿಲ್ಲದವರನ್ನೂ 'ಅಕ್ಕಾ' ಅಂದು ಮಾತು ಶುರು ಮಾಡುವವರು, ಇದೇನು ಕಷ್ಟವಲ್ಲ.

ಕೆಟ್ಟ ಸುದ್ದಿ ಕೊಡುವ ರೀತಿಯನ್ನಂತೂ ಕೇಳಲೇಬೇಕು. 'ಫೀಹೆಸೆ ಕೆ...' ಅಂತ ಯಾರಾದರೂ ಶುರು ಮಾಡಿದರೆ ನಿಮ್ಮ ಕೆಲಸ ಆಗಿಲ್ಲ ಅಂತ ಅರ್ಥ. 'ನೋಡಿ ಸಾರ್, ಏನಾಯ್ತು ಅಂದ್ರೆ...' ಅಂತ ಟೈಲರ್ ಶುರು ಮಾಡಿದಾಗಲೇ ಬ್ಲೌಸ್ ಹೊಲಿದಿಲ್ಲ ಅಂತ ನಮಗೆ ಗೊತ್ತಾಗುವುದಿಲ್ಲವೇ? 'ಅಓರೀತಾ' ಅಂದರೆ ಪುಸ್ತಕದ ಪ್ರಕಾರ ಈಗಲೇ. ಅಲ್ಲಿ ಅದು ನಮ್ಮ 'ಈಗ ಬಂದೆ' ಥರದ್ದು, ಗಡಿಯಾರ ನೋಡಬಾರದು. ನಾಳೆಯ ಯೋಜನೆ ಏನೇ ಇರಲಿ, ಕೊನೆಗೆ 'ಪ್ರಿಮೇರೊ ದಿಯೋಸ್', ದೇವರು ನಡೆಸಿದರೆ. ನೇರವಾಗಿ ಇಲ್ಲ ಅನ್ನುವುದು ಅಲ್ಲಿ ಒರಟು. ಇಂಗ್ಲಿಷ್ ದೇಶಗಳಿಂದ ಬಂದ ವಿದ್ಯಾರ್ಥಿಗಳು ಇದಕ್ಕೆ ರೇಗುತ್ತಿದ್ದರು. ನನಗೆ ರೇಗಲು ಕಾರಣ ಸಿಗಲಿಲ್ಲ.

ಒಂದು ಕಡೆ ಮಾತ್ರ ನಾವು ಬೇರೆಯವರಿಗಿಂತ ಜಾಸ್ತಿ ಎಚ್ಚರವಾಗಿರಬೇಕು. ಯಾವ ದೇಶ ಅಂತ ಕೇಳಿದಾಗ 'ಸೊಯ್ ಇಂದಿಯೊ' ಅನ್ನಬೇಡಿ. ಸ್ಪ್ಯಾನಿಷ್ ನಿಘಂಟಿನಲ್ಲಿ ಅದು ಭಾರತೀಯ ಅಂತಲೇ ಇರುತ್ತದೆ. ಆದರೆ ಗ್ವಾಟೆಮಾಲಾದಲ್ಲಿ ಆ ಪದವನ್ನು ಮಾಯಾ ಜನರನ್ನು ಹೀಯಾಳಿಸಲು ಬಳಸಿಕೊಂಡು ಬಂದಿದ್ದಾರೆ. 'ಸೊಯ್ ದೆ ಲಾ ಇಂದಿಯಾ' ಅನ್ನಿ. ಕೆಲವರು ನಿಮ್ಮನ್ನು 'ಇಂದೂ' ಅನ್ನಬಹುದು, ಅವರು ಕೇಳುತ್ತಿರುವುದು ನಿಮ್ಮ ಧರ್ಮ ಅಲ್ಲ, ದೇಶ. ಧರ್ಮದ ಪ್ರಶ್ನೆ ಬೇರೆಯಾಗಿಯೇ ಬರುತ್ತದೆ, ಕ್ಯಾಥೊಲಿಕ್ಕಾ ಎವಾಂಜೆಲಿಕೊನಾ (ಪ್ರಾಟೆಸ್ಟೆಂಟ್ ಕ್ರೈಸ್ತರು) ಅಂತ.

ಇದರ ಹಿಂದೆ ದೊಡ್ಡ ಕಥೆ ಇದೆ. ದೇಶದಲ್ಲಿ ಶೇಕಡಾ 40ಕ್ಕೂ ಹೆಚ್ಚು ಜನ ಮೂಲನಿವಾಸಿಗಳು. 22 ಮಾಯಾ ಭಾಷೆಗಳಿವೆ, ಅದಲ್ಲದೆ ಶಿಂಕಾ, ಗರೀಫುನಾ. 2003ರ ಕಾನೂನು ಇವನ್ನು ರಾಷ್ಟ್ರೀಯ ಭಾಷೆಗಳು ಅಂತ ಗುರುತಿಸಿತು, ಆದರೂ ಕಚೇರಿ, ಕೋರ್ಟು, ಕಾಲೇಜು ಎಲ್ಲ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲೇ. 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರಲ್ಲಿ ಬಹುಪಾಲು ಮಾಯಾ ಜನ. ಒಬ್ಬರೇ ಮೇಷ್ಟ್ರ ಎದುರು ದಿನಾ ಗಂಟೆಗಟ್ಟಲೆ ಕೂತಾಗ ಮಾತು ತಾನಾಗಿ ಅಲ್ಲಿಗೆ ಹೋಗುತ್ತದೆ. ಕಾಣೆಯಾದ ಚಿಕ್ಕಪ್ಪ, ಅಮೆರಿಕಕ್ಕೆ ಹೋಗಿ ದುಡ್ಡು ಕಳಿಸುವ ಅಣ್ಣ. ಭೂತಕಾಲದ ಎರಡು ರೂಪಗಳನ್ನು ನಾನು ಸರಿಯಾಗಿ ಕಲಿತಿದ್ದು ಇಂಥ ಕಥೆ ಕೇಳುತ್ತಾ. ಆಗ ನಡೆಯುತ್ತಿದ್ದದ್ದು ಒಂದು ರೂಪ, ಒಂದು ದಿನ ನಡೆದುಹೋದದ್ದು ಇನ್ನೊಂದು ರೂಪ. ಪುಸ್ತಕದ ವ್ಯಾಯಾಮದಲ್ಲಿ ಇದು ತಲೆಗೆ ಹತ್ತಿರಲಿಲ್ಲ.

ಶೇಲಾದ ದೆಮೊಕ್ರಾಸಿಯಾ ಸಂತೆಗೆ ಹೋಗಿ ನಿಂತರೆ ಮಾರುವ ಹೆಂಗಸರು ತಮ್ಮೊಳಗೆ ಕಿಚೆ ಅಥವಾ ಮಾಮ್ ಭಾಷೆಯಲ್ಲಿ ಮಾತಾಡುತ್ತಾರೆ, ನಿಮ್ಮ ಕಡೆ ತಿರುಗಿದಾಗ ಸ್ಪ್ಯಾನಿಷ್. ಅವರಲ್ಲಿ ಎಷ್ಟೋ ಜನಕ್ಕೆ ಅದು ಶಾಲೆಯಲ್ಲೋ ಸಂತೆಯಲ್ಲೋ ಕಲಿತ ಎರಡನೇ ಭಾಷೆ. ಹಾಗಾಗಿ ನಿಧಾನವಾಗಿ, ಬಿಡಿಸಿ ಮಾತಾಡುತ್ತಾರೆ, ಕಲಿಯುವವರಿಗೆ ವರದಾನ. ತೂಕ ಕಿಲೋದಲ್ಲಿ ಅಲ್ಲ, ಲೀಬ್ರಾದಲ್ಲಿ, ಅಂದರೆ ಹೆಚ್ಚುಕಡಿಮೆ ಅರ್ಧ ಕಿಲೋ. ಚೌಕಾಸಿ ಮಾಡಬಹುದು, ಆದರೆ ನಗುತ್ತಾ 'ಲೋ ಮೇನೊಸ್?' (ಕೊನೇ ರೇಟು?) ಅಂತ ಒಮ್ಮೆ ಕೇಳಿ, ಕೊಟ್ಟ ದರಕ್ಕೆ ತಗೊಳ್ಳಿ. ಕೊನೆಗೆ ಕಿಚೆಯಲ್ಲಿ 'ಮಾಲ್ತ್ಯೋಶ್' ಅಂದರೆ, ಅಂದರೆ ಥ್ಯಾಂಕ್ಸ್, ಆಕೆ ಪಕ್ಕದ ಅಂಗಡಿಯವಳನ್ನೂ ಕರೆದು ತೋರಿಸುತ್ತಾಳೆ. ನಾಲ್ಕು ಮಾತು ಕನ್ನಡ ಆಡಿದ ಹೊರಗಿನವರನ್ನು ನಾವು ಹೇಗೆ ನೋಡುತ್ತೇವೋ ಹಾಗೇ.

ಏಲಕ್ಕಿ ವಿಷಯ ಹೇಳದಿದ್ದರೆ ಸಕಲೇಶಪುರದವರು ನನ್ನನ್ನು ಕ್ಷಮಿಸುವುದಿಲ್ಲ. ಪಶ್ಚಿಮಘಟ್ಟದ ಏಲಕ್ಕಿಯನ್ನು ಸುಮಾರು 1914ರ ಹೊತ್ತಿಗೆ ಒಬ್ಬ ಜರ್ಮನ್ ಕಾಫಿ ಬೆಳೆಗಾರ ಗ್ವಾಟೆಮಾಲಾದ ಕೊಬಾನ್ ಸುತ್ತಮುತ್ತ ನೆಟ್ಟ. ಈಗ ಜಗತ್ತಿನಲ್ಲಿ ಅತಿ ಹೆಚ್ಚು ಏಲಕ್ಕಿ ಹೊರಗೆ ಕಳಿಸುವ ದೇಶ ಅದೇ, ಹೆಚ್ಚಿನದು ಅರಬ್ ದೇಶಗಳ ಕಾಫಿಗೆ ಹೋಗುತ್ತದೆ. ಅಲ್ಲಿನ ಬೆಲೆ ಬಿದ್ದರೆ ಇಲ್ಲಿನ ಬೆಳೆಗಾರರಿಗೆ ಬಿಸಿ ತಟ್ಟುತ್ತದೆ. ತಮಾಷೆ ಅಂದರೆ ಬೆಳೆಯುವ ದೇಶದ ಮನೆಗಳಲ್ಲಿ ಅದನ್ನು ಬಳಸುವುದೇ ಅಪರೂಪ. ನಾನು ಏಲಕ್ಕಿ ಜಜ್ಜಿ ಹಾಕಿ ಟೀ ಮಾಡಿಕೊಟ್ಟಾಗ ಮನೆಯಾಕೆ ಒಂದು ಗುಟುಕು ಕುಡಿದು, ಯಾರಿಗೆ ಹೊಟ್ಟೆನೋವು ಅಂತ ಕೇಳಿದರು. ಅವರ ಮಗಳಿಗೆ ಮಾತ್ರ ಇಷ್ಟವಾಯಿತು.

ಕೊನೆಯಲ್ಲಿ ಕೆಲವು ಪ್ರಶ್ನೆಗಳು ಬಂದವು. ಒಬ್ಬಳೇ ಹೋಗಬಹುದಾ ಅಂತ ಒಬ್ಬರು ಕೇಳಿದರು. ಹೋಗುತ್ತಾರೆ, ತುಂಬಾ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಂದಿದ್ದರು. ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಯಾವ ಬೀದಿ ಬೇಡ ಅಂತ ಮನೆಯವರನ್ನೇ ಕೇಳಿ, ಅವರು ಹೇಳಿದ್ದನ್ನು ಕೇಳಿ. ಬಣ್ಣ ಬಳಿದ ಹಳೆಯ ಅಮೆರಿಕನ್ ಸ್ಕೂಲ್ ಬಸ್ಸುಗಳಲ್ಲಿ ಹಗಲು ಹೊತ್ತು ಓಡಾಡಿ. ಇಬ್ಬರ ಸೀಟಿನಲ್ಲಿ ಮೂವರು ಕೂರುತ್ತಾರೆ, ಬಾಗಿಲಲ್ಲಿ ನೇತಾಡುವ ಹುಡುಗ ಊರಿನ ಹೆಸರನ್ನು ಕೂಗುತ್ತಿರುತ್ತಾನೆ, ಮೆಜೆಸ್ಟಿಕ್ ನೋಡಿದವರಿಗೆ ಹೊಸದಲ್ಲ.

ಇನ್ನೊಬ್ಬರು ಕೇಳಿದ್ದು ಡೆಲೆ ಬಗ್ಗೆ. ಗ್ವಾಟೆಮಾಲಾದ ಸ್ಪ್ಯಾನಿಷ್ ಕಲಿತರೆ ಸ್ಪೇನಿನ ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗುತ್ತದಾ? ಹೋಗುವುದಿಲ್ಲ. ಯಾವ ಸ್ಪ್ಯಾನಿಷ್ ದೇಶದ ರೂಢಿಯನ್ನಾದರೂ ಅವರು ಒಪ್ಪುತ್ತಾರೆ, ಒಂದನ್ನು ಹಿಡಿದು ಅದರಲ್ಲೇ ಬರೆಯಿರಿ, ಕಲಸಬೇಡಿ. ಹೆಚ್ಚಾಗಿ ಸ್ಪೇನಿನಲ್ಲಿ ನಡೆಯುವ 'ಬೊಸೋತ್ರೊಸ್' (ನೀವೆಲ್ಲ) ರೂಪಗಳನ್ನು ಓದಿದರೆ, ಕೇಳಿದರೆ ಅರ್ಥವಾಗುವಷ್ಟು ಕಲಿತುಕೊಳ್ಳಿ. ಇಂಟರ್ವ್ಯೂನಲ್ಲಿ 'ಬೋಸ್' ಬೇಡ, ಎದುರಿಗಿರುವವರು ಯಾವ ದೇಶದವರೇ ಆಗಿರಲಿ ಉಸ್ತೆದ್ ಅಂತ ಶುರು ಮಾಡಿ. ಅವರೇ 'ತೂ' ಅನ್ನಿ ಅಂದಾಗ ಬದಲಾಯಿಸಿ.